ಮೆರವಣಿಗೆಯಿಂದ ಮೈದಾನಕ್ಕೆ: ಪಾಠದ ಕುದುರೆಯ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಎಲೆಕ್ಟ್ರಾನಿಕ್ ಸಿಟಿ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳನ್ನು ಈಜಿಗೆ, ಕರಾಟೆಗೆ ಹಾಕಿದಂತೆ ಈಗ ಕುದುರೆ ಸವಾರಿಗೂ ಹಾಕುತ್ತಾರೆ. ಶನಿವಾರ ಬೆಳಿಗ್ಗೆ ಮಗುವಿಗೆ ಹೆಲ್ಮೆಟ್ ಹಾಕಿಸಿಕೊಂಡು ಹೋದ ಅಪ್ಪ ಅಮ್ಮಂದಿರಿಗೆ ಎಷ್ಟೋ ಸಲ ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತದೆ: ಮಗು ಹತ್ತಬೇಕಾದ ಕುದುರೆ ಹಿಂದೆ ರೇಸ್‌ನಲ್ಲಿ ಓಡಿದ್ದು, ಇಲ್ಲವೇ ಮದುವೆ ಮೆರವಣಿಗೆಯಲ್ಲಿ ವರನನ್ನು ಹೊತ್ತದ್ದು, ಯಾರೋ ಬಿಟ್ಟದ್ದನ್ನು ಇನ್ಯಾರೋ ತಂದು ಸಾಕಿದ್ದು. ಆಗ ಅರ್ಧ ಜನ "ಅಯ್ಯೋ ಪಾಪ" ಅನ್ನುತ್ತಾರೆ, ಉಳಿದರ್ಧ "ಅಂಥ ಕುದುರೆ ಮೇಲೆ ನಮ್ಮ ಮಗೂನಾ?" ಅನ್ನುತ್ತಾರೆ. ಎರಡೂ ಮಾತು ಎದುರಿಗಿರುವ ಕುದುರೆಯನ್ನು ನೋಡಿ ಆಡಿದ್ದಲ್ಲ.

ಹಾಗೆ ನೋಡಿದರೆ ಬೆಂಗಳೂರಿನ ಈ ಹೊರಸುತ್ತಿಗೆ ಕುದುರೆ ಹೊಸದೇನೂ ಅಲ್ಲ. ಪೀಣ್ಯ ದಾಟಿ ನೆಲಮಂಗಲದಲ್ಲಿ ಹಾಸನದ ದಾರಿ ಹಿಡಿದರೆ ಕುಣಿಗಲ್. ಟಿಪ್ಪುವಿನ ಕಾಲದ ನಂಟಿರುವ ಅಲ್ಲಿನ ಸ್ಟಡ್ ಫಾರ್ಮ್ ರೇಸ್ ಕುದುರೆಗಳ ತವರು. ಎಲೆಕ್ಟ್ರಾನಿಕ್ ಸಿಟಿ, ಅತ್ತಿಬೆಲೆ ದಾಟಿ ಗಡಿಯಾಚೆ ಹೋದರೆ ಹೊಸೂರಿನ ಮತ್ತಿಗಿರಿ. ಈಗ ತಮಿಳುನಾಡು ಸರ್ಕಾರದ ಜಾನುವಾರು ಫಾರ್ಮ್ ಆಗಿರುವ ಆ ಜಾಗ 1824ರಲ್ಲಿ ಶುರುವಾದದ್ದು ಕಂಪನಿ ಸೈನ್ಯದ ಕುದುರೆಗಳಿಗಾಗಿ. ನಡುವೆ ನಗರದೊಳಗೆ 1920ರ ಟರ್ಫ್ ಕ್ಲಬ್. ಸೈನ್ಯಕ್ಕೆ ಲಾರಿ ಬಂತು, ಜಟಕಾ ಹೋಗಿ ಆಟೊ ಬಂತು. ಕುದುರೆಗೆ ದೊಡ್ಡ ಮಟ್ಟದಲ್ಲಿ ಉಳಿದ ಕೆಲಸ ಎರಡೇ: ರೇಸು ಮತ್ತು ಮೆರವಣಿಗೆ. ಸವಾರಿ ಶಾಲೆಗೆ ಬರುವ ಹಳೆಯ ಕುದುರೆಗಳೂ ಹೆಚ್ಚಾಗಿ ಈ ಎರಡು ಕಡೆಯಿಂದಲೇ ಬರುವುದು. ಅವುಗಳ ಬಗ್ಗೆ ಕೇಳಿಬರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

"ರೇಸ್ ಬಿಟ್ಟಿದೆ ಅಂದರೆ ಕಾಲು ಹೋಗಿದೆ ಅಂತಲೇ"

ರೇಸ್ ಕುದುರೆ ಎರಡನೇ ವರ್ಷಕ್ಕೆ ಓಟ ಶುರುಮಾಡುತ್ತದೆ. ಮುಂಬಯಿಯಲ್ಲಿ ನಡೆಯುವ ಇಂಡಿಯನ್ ಡರ್ಬಿ ನಾಲ್ಕು ವರ್ಷದ ಕುದುರೆಗಳಿಗೆ ಮೀಸಲು. ಅಷ್ಟರೊಳಗೆ ಹೆಸರು ಮಾಡದ ಕುದುರೆಯ ಮೇಲೆ ಮಾಲೀಕ ತಿಂಗಳು ತಿಂಗಳು ಟ್ರೇನರ್ ಬಿಲ್ಲು ಕಟ್ಟುತ್ತಾ ಕೂರುವುದಿಲ್ಲ. ಹೀಗಾಗಿ ರೇಸ್ ಬಿಡುವ ಕುದುರೆಗಳಲ್ಲಿ ಬಹಳಷ್ಟು ಬಿಡುವುದು ಕುಂಟಿದ್ದಕ್ಕಲ್ಲ, ಸಾಕಷ್ಟು ಜೋರಾಗಿ ಓಡದಿದ್ದಕ್ಕೆ. ಐದಾರು ವರ್ಷಕ್ಕೆ ಕೆಲಸ ಕಳೆದುಕೊಂಡ ಪ್ರಾಣಿ ಚೆನ್ನಾಗಿ ನೋಡಿಕೊಂಡರೆ 25 ವರ್ಷ ಬದುಕುತ್ತದೆ. ಉಳಿದ ಇಪ್ಪತ್ತು ವರ್ಷಕ್ಕೆ ಏನು ದಾರಿ ಎನ್ನುವುದೇ ಇಲ್ಲಿನ ಪ್ರಶ್ನೆ.

ಗಾಯವಾಗಿ ಬಿಡುವ ಕುದುರೆಗಳೂ ಉಂಟು. ಮುಂಗಾಲಿನ ಹಿಂಬದಿಯ ಸ್ನಾಯುರಜ್ಜು ಹರಿದು ವಾಸಿಯಾದ ಕುದುರೆಯನ್ನು ಪಕ್ಕದಿಂದ ನೋಡಿದರೆ ಮಂಡಿ ಕೆಳಗಿನ ನೇರ ಗೆರೆ ಬಿಲ್ಲಿನಂತೆ ಹೊರಕ್ಕೆ ಉಬ್ಬಿರುತ್ತದೆ. ಗುಣವಾಗಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಹಿಡಿಯುತ್ತದೆ. ಆಮೇಲೆ ಎಷ್ಟೋ ಸಲ ಅದು ಬೇಲಿ ಹಾರಲಾರದು, ನಾಗಾಲೋಟ ಓಡಲಾರದು; ಆದರೆ ಮರಳಿನ ಮೈದಾನದಲ್ಲಿ ಹಗುರ ಸವಾರನನ್ನು ಹೊತ್ತು ನಡೆಯುವುದಕ್ಕೆ, ನಿಧಾನ ಟ್ರಾಟ್ ಮಾಡುವುದಕ್ಕೆ ಅಡ್ಡಿಯಿಲ್ಲ. ಹಾಗೇ, ಯಾವ ಚಿಕಿತ್ಸೆಗೂ ಸವಾರಿಗೆ ಒದಗದ ಕುದುರೆಗಳೂ ಇವೆ. ಯಾವುದು ಯಾವ ಗುಂಪಿಗೆ ಅಂತ ಹೇಳಬೇಕಾದವರು ಪಶುವೈದ್ಯರು, ಬುಕಿಂಗ್ ತೆಗೆದುಕೊಳ್ಳುವ ಮ್ಯಾನೇಜರ್ ಅಲ್ಲ. ಮೈಸೂರಿನ ಪೊಲೀಸ್ ಅಶ್ವಾರೋಹಿ ದಳದಲ್ಲೂ ರೇಸ್ ಕ್ಲಬ್ಬುಗಳಿಂದ ಬಂದ ಕುದುರೆಗಳಿವೆ. ದಸರಾದ ಜಂಬೂ ಸವಾರಿಯಲ್ಲಿ ಲಕ್ಷಾಂತರ ಜನರ ನಡುವೆ ಸಾಲು ತಪ್ಪದೆ ನಡೆಯುವ ಆ ದಳವನ್ನು ಕಂಡವರಿಗೆ ರೇಸ್ ಬಿಟ್ಟದ್ದೆಲ್ಲ ಕುಂಟು ಎಂದು ಹೇಳಲು ಬಾಯಿ ಬರುವುದಿಲ್ಲ.

"ರೇಸ್ ಕುದುರೆಗೆ ತಲೆ ಬಿಸಿ, ಮಕ್ಕಳನ್ನು ಕೆಡವುತ್ತದೆ"

ಇದರಲ್ಲಿ ಒಂದಿಷ್ಟು ನಿಜವಿದೆ, ಆದರೆ ಕಾರಣ ಜನ ತಿಳಿದಿರುವುದಲ್ಲ. ಜಾಕಿ ಲಗಾಮನ್ನು ಬಿಗಿ ಹಿಡಿದರೆ ರೇಸ್ ಕುದುರೆ ಅದಕ್ಕೆ ಆತುಕೊಂಡು ಇನ್ನೂ ಜೋರಾಗಿ ಹೋಗುತ್ತದೆ. ಅದಕ್ಕೆ ಮೊದಲಿನಿಂದ ಕಲಿಸಿದ್ದೇ ಅದು. ಈಗ ಮೊದಲ ದಿನ ಸವಾರಿಗೆ ಬಂದವರ ಸ್ಥಿತಿ ನೆನೆಸಿಕೊಳ್ಳಿ. ಹೆದರಿಕೆಯಾದ ಕೂಡಲೇ ಮನುಷ್ಯ ಮಾಡುವುದು ಎರಡೇ ಕೆಲಸ: ಕೈಗೆ ಸಿಕ್ಕ ಲಗಾಮನ್ನು ಎದೆಗೆ ಎಳೆದುಕೊಳ್ಳುವುದು, ಎರಡೂ ಕಾಲಿನಿಂದ ಕುದುರೆಯ ಹೊಟ್ಟೆಯನ್ನು ಅವುಚಿಕೊಳ್ಳುವುದು. "ನಿಲ್ಲು, ನಿಲ್ಲು" ಎಂದು ಮೇಲಿರುವವರು ಕಿರುಚುತ್ತಿದ್ದಾರೆ. ಕೆಳಗಿರುವ ಕುದುರೆಗೆ ಮುಟ್ಟುತ್ತಿರುವುದು "ಓಡು, ಇನ್ನೂ ಓಡು" ಎಂಬ ಆಜ್ಞೆ. ಅದು ಓಡುತ್ತದೆ. ಹೇಳಿದ್ದನ್ನು ಕೇಳಿದ್ದಕ್ಕೆ ಹುಚ್ಚು ಕುದುರೆ ಎನಿಸಿಕೊಳ್ಳುತ್ತದೆ.

ಹೊಸ ಪಾಠ ಕಲಿಸುವುದು ಇಲ್ಲಿಂದಲೇ ಶುರು. ಒಳ್ಳೆಯ ಶಾಲೆಯಲ್ಲಿ ಮೊದಲ ಕೆಲವು ತಿಂಗಳು ಬೆನ್ನ ಮೇಲೆ ಜೀನು ಏರುವುದೇ ಇಲ್ಲ. ಓಟ್ಸು, ಕಾಳು ಇಳಿಸಿ ಹುಲ್ಲು ಏರಿಸುತ್ತಾರೆ. ದಿನದ ಬಹುಪಾಲು ಒಂಟಿ ಲಾಯದಲ್ಲೇ ಕಳೆದ ಪ್ರಾಣಿಯನ್ನು ಇನ್ನೊಂದೆರಡು ಕುದುರೆಗಳ ಜೊತೆ ಬಯಲಿಗೆ ಬಿಡುತ್ತಾರೆ. ಆಮೇಲೆ ಉದ್ದನೆಯ ಹಗ್ಗ ಹಿಡಿದು ಎಡಕ್ಕೂ ಬಲಕ್ಕೂ ಸಮನಾಗಿ ಸುತ್ತ ನಡೆಸುವುದು. ಟ್ರ್ಯಾಕಿನ ಮೇಲೆ ಒಂದೇ ದಿಕ್ಕಿಗೆ ತಿರುಗಿ ಅಭ್ಯಾಸವಾದ ಕುದುರೆಗೆ ಇನ್ನೊಂದು ಪಕ್ಕದ ಮೈ ಬಗ್ಗುವುದೇ ಕಷ್ಟ. ಆಮೇಲೆ, ಯಾರಿಗೂ ದೊಡ್ಡದೆನಿಸದ ಒಂದು ಪಾಠ: ಹತ್ತುವಾಗ ಸುಮ್ಮನೆ ನಿಲ್ಲುವುದು. ಜಾಕಿಯನ್ನು ಕಾಲು ಹಿಡಿದು ಮೇಲಕ್ಕೆ ಎತ್ತಿಬಿಡುತ್ತಾರೆ, ಎಷ್ಟೋ ಸಲ ಕುದುರೆ ನಡೆಯುತ್ತಿರುವಾಗಲೇ. ಪಕ್ಕದಲ್ಲಿ ಮೆಟ್ಟಿಲಿಟ್ಟು, ಅದರ ಮೇಲೆ ದೊಡ್ಡವರೊಬ್ಬರು ಒಂದೂವರೆ ನಿಮಿಷ ಏದುಸಿರು ಬಿಡುತ್ತಾ ನಿಂತು, ರಿಕಾಪಿಗೆ ಕಾಲಿಡಲೋ ಬೇಡವೋ ಎನ್ನುವುದನ್ನು ಅದು ಹಿಂದೆಂದೂ ಕಂಡಿರುವುದಿಲ್ಲ. ಜಾಕಿಯ ಮಂಡಿ ಜೀನಿನ ಮೇಲ್ತುದಿಯಲ್ಲಿ ಮಡಿಸಿಕೊಂಡಿರುವುದರಿಂದ ಸವಾರನ ಕಾಲು ಹೊಟ್ಟೆಯ ಪಕ್ಕದಲ್ಲಿ ಇಳಿಬಿದ್ದ ಸ್ಪರ್ಶವೂ ಅದಕ್ಕೆ ಹೊಸದು.

ಇದಕ್ಕೆಲ್ಲ ಆರು ತಿಂಗಳೋ ವರ್ಷವೋ ಆಗುತ್ತದೆ. ಮೊದಲು ಟ್ರೇನರ್, ಆಮೇಲೆ ನುರಿತ ವಿದ್ಯಾರ್ಥಿ, ಆಮೇಲೆ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವನು, ಹಗ್ಗ ಹಿಡಿದಿರುವಂತೆ ಮಗು. ಕೆಲವು ಕುದುರೆಗಳು ಎರಡನೇ ಮೆಟ್ಟಿಲಿಗೇ ನಿಂತುಬಿಡುತ್ತವೆ. "ಇದು ಬಿಗಿನರ್‌ಗಳಿಗೆ ಅಲ್ಲ ಮೇಡಂ" ಎಂದು ಮುಖಕ್ಕೆ ಹೇಳಿ ಒಂದು ಫೀಸು ಕಳೆದುಕೊಳ್ಳುವ ತರಬೇತುದಾರರ ಮೇಲೆ ನನಗೆ ಎಲ್ಲಿಲ್ಲದ ಗೌರವ.

"ಸುಮ್ಮನೆ ನಿಂತಿದೆ ನೋಡಿ, ಎಷ್ಟು ಸಾಧು!"

ನನ್ನ ಪ್ರಕಾರ ಇದು ಎಲ್ಲಕ್ಕಿಂತ ಅಪಾಯದ ಕಲ್ಪನೆ. ಮೊದಲಿನ ಎರಡು ಒಳ್ಳೆಯ ಕುದುರೆಯನ್ನು ದೂರ ಇಡುತ್ತವೆ. ಇದು ನೋವಿನಲ್ಲಿರುವ ಕುದುರೆಯ ಮೇಲೆ ಮಗುವನ್ನು ಕೂರಿಸುತ್ತದೆ.

ಮೆರವಣಿಗೆಯ ಕುದುರೆಯನ್ನು ಹತ್ತಿರದಿಂದ ನೋಡಿ. ಬಾಯಿಯ ಮೂಲೆಯಲ್ಲಿ ಕೂದಲಿಲ್ಲದ ಗುಲಾಬಿ ಬಣ್ಣದ ಗೆರೆ ಇದ್ದರೆ ಅದು ಕಡಿವಾಣ ಕೊರೆದ ಗಾಯದ ಕಲೆ. ಮುಳ್ಳಿರುವ ಕಡಿವಾಣವನ್ನು ಪ್ರಾಣಿಹಿಂಸೆ ತಡೆಯುವ 1965ರ ಕೇಂದ್ರದ ನಿಯಮಗಳೇ ನಿಷೇಧಿಸಿವೆ. ಬ್ಯಾಂಡು, ಪಟಾಕಿ, ಜನರೇಟರ್ ದೀಪದ ನಡುವೆ ಕುದುರೆ ಕದಲದಂತೆ ಹಿಡಿದಿಡಲು ಇವತ್ತಿಗೂ ಬಳಸುವವರಿದ್ದಾರೆ. ಕತ್ತು ಬೆನ್ನಿಗೆ ಸೇರುವ ಉಬ್ಬಿನ ಎರಡೂ ಬದಿ ನೋಡಿ. ಕಂದು ಕುದುರೆಯ ಮೈಮೇಲೆ ಅಲ್ಲಿ ಮಾತ್ರ ಅಂಗೈಯಗಲ ಬಿಳಿ ಕೂದಲು ಇದ್ದರೆ ಹುಟ್ಟಿನಿಂದ ಬಂದ ಮಚ್ಚೆ ಎಂದುಕೊಳ್ಳಬೇಡಿ. ಸರಿಹೊಂದದ ಜೀನು ತಿಂಗಳುಗಟ್ಟಲೆ ಒತ್ತಿ ಹುಣ್ಣಾದ ಚರ್ಮದಲ್ಲಿ ಮತ್ತೆ ಬರುವ ಕೂದಲು ಬಿಳಿಯದು.

ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ ಎಂದು ಗೊತ್ತಾದ ಕುದುರೆ ಪ್ರತಿಭಟಿಸುವುದನ್ನು ಬಿಡುತ್ತದೆ. ಬೆನ್ನು ತಟ್ಟಿದರೂ, ಪಕ್ಕದಲ್ಲೇ ಪಟಾಕಿ ಸಿಡಿದರೂ ಕಿವಿ ಅಲ್ಲಾಡುವುದಿಲ್ಲ. ನೋಡುವವರಿಗೆ ಅದು ಸಾಧುತನ. ಇಂಥ ಕುದುರೆಯನ್ನು ತಂದು ಹೊಟ್ಟೆ ತುಂಬ ಹುಲ್ಲು ಹಾಕಿ, ಹಲ್ಲು ತಜ್ಞರಿಂದ ಹಲ್ಲು ಉಜ್ಜಿಸಿ, ಲಾಳ ಸರಿಮಾಡಿಸಿ ಎರಡು ಮೂರು ತಿಂಗಳು ಆರೈಕೆ ಮಾಡಿದರೆ ಏನಾಗುತ್ತದೆ ಗೊತ್ತೇ? ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ತಿರುಗುತ್ತದೆ, ಹಿಂಗಾಲು ಎತ್ತುತ್ತದೆ. "ತಿಂದು ಕೊಬ್ಬಿತು, ಮೊದಲೇ ಚೆನ್ನಾಗಿತ್ತು" ಎನ್ನುವವರು ಲಾಯದಲ್ಲೇ ಸಿಗುತ್ತಾರೆ. ಅಸಲಿಗೆ ಆಗಿರುವುದು, ನೋವಿದೆ ಎಂದು ಹೇಳುವ ಧೈರ್ಯ ಕುದುರೆಗೆ ವಾಪಸ್ ಬಂದಿರುವುದು. ಆ ಹಂತದಲ್ಲಿ ಬೆನ್ನು ನೋಡಿಸಿ, ಜೀನು ಬದಲಿಸಿ ಮುಂದುವರಿದರೆ ಅದು ಪಾಠದ ಕುದುರೆಯಾಗುತ್ತದೆ. ಹೊಡೆದು ಮತ್ತೆ ಸುಮ್ಮನಾಗಿಸಿದರೆ ಮೊದಲಿದ್ದಲ್ಲಿಗೇ ಹೋಗುತ್ತದೆ, ವಿಳಾಸ ಮಾತ್ರ ಬೇರೆ.

ಸುಖವಾಗಿರುವ ಪಾಠದ ಕುದುರೆಯೂ ಸುಮ್ಮನೆ ನಿಲ್ಲುತ್ತದೆ. ವ್ಯತ್ಯಾಸ ಕಾಣುವುದು ಕಿವಿಯಲ್ಲಿ: ಒಂದು ಟ್ರೇನರ್ ಕಡೆಗೆ, ಇನ್ನೊಂದು ಬಾಗಿಲ ಕಡೆಗೆ, ಹೀಗೆ ತಿರುಗುತ್ತಿರುತ್ತದೆ. ಕೆಳದುಟಿ ಸಡಿಲವಾಗಿರುತ್ತದೆ. ನೋವಿದ್ದರೆ ಕಣ್ಣಿನ ಮೇಲಿನ ಚರ್ಮ ಸುಕ್ಕಾಗುತ್ತದೆ, ಮೂಗಿನ ಹೊಳ್ಳೆ ಬಿಗಿಯುತ್ತದೆ, ನೊಣವಿಲ್ಲದಿದ್ದರೂ ಬಾಲ ಬೀಸುತ್ತಲೇ ಇರುತ್ತದೆ. ಜೀನು ಹಾಕುವ ಮೊದಲು ಸೈಸ್ ಬೆನ್ನೆಲುಬಿನ ಎರಡೂ ಪಕ್ಕ ಬೆರಳು ಒತ್ತಿ ನೋಡುತ್ತಾನೋ, ನಾಲ್ಕು ಕುದುರೆಗೆ ಒಂದೇ ಜೀನು ತಿರುಗಿಸುತ್ತಾರೋ ಎನ್ನುವುದು ದೂರ ನಿಂತ ಅಪ್ಪ ಅಮ್ಮಂದಿರಿಗೂ ಕಾಣುವ ಸಂಗತಿ.

"ಕಾಪಾಡಿ ತಂದ ಮೇಲೆ ಮತ್ತೆ ಹತ್ತುವುದೇಕೆ? ಸ್ವತಂತ್ರವಾಗಿ ಬಿಡಬಾರದೇ?"

ಬಿಡುವುದು ಎಲ್ಲಿಗೆ? ವರ್ತೂರು, ಬೆಳ್ಳಂದೂರು ಕೆರೆಗಳ ಅಂಚಿನಲ್ಲಿ ಕೊಳಚೆ ನೀರು ಕುಡಿದು ಬೆಳೆದ ಹುಲ್ಲಿಗೋ? ಪೀಣ್ಯದ ಖಾಲಿ ಸೈಟುಗಳಲ್ಲಿ ಲೇತ್ ಮೆಷಿನ್ನಿನ ಕಬ್ಬಿಣದ ಸುರುಳಿ, ಮೊಳೆ, ಗಾಜು ಬಿದ್ದಿರುತ್ತದೆ. ಗೊರಸಿನ ಅಡಿಗೆ ಒಂದು ಮೊಳೆ ಚುಚ್ಚಿದರೆ ಸಾಕು; ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವುದು ಇನ್ನೊಂದಿಲ್ಲ. ಪ್ಲಾಸ್ಟಿಕ್ ತಿಂದು ಕರುಳು ಕಟ್ಟಿದರೆ ವಾಂತಿ ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಹೊರವರ್ತುಲದ ರಸ್ತೆಗಳಲ್ಲಿ ರಾತ್ರಿ ಅಡ್ಡ ಬಂದರೆ ಅದಕ್ಕೂ ಅಪಾಯ, ಬೈಕಿನವರಿಗೂ.

ಇನ್ನು ಖರ್ಚಿನ ಮಾತು. 450 ಕಿಲೋ ತೂಗುವ ಕುದುರೆಗೆ ದಿನಕ್ಕೆ ಏಳರಿಂದ ಒಂಬತ್ತು ಕಿಲೋ ಒಣಮೇವು ಬೇಕು. ಕುದುರೆ ಮೆಂತೆ, ಬೂಸಾ ಅದರ ಮೇಲೆ. ಐದಾರು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಹೊಡೆಸಬೇಕು. ಜಂತುಹುಳದ ಔಷಧಿ, ಚುಚ್ಚುಮದ್ದು, ವರ್ಷಕ್ಕೊಮ್ಮೆ ಹಲ್ಲು. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ಸಂಸ್ಥೆಗಳು ದಾನದ ಹಣದಿಂದ ಪ್ರಾಣಿಗಳನ್ನು ಉಳಿಸುತ್ತವೆ, ಆದರೆ ನಗರ ಹೊರಹಾಕುವ ಎಲ್ಲ ಕುದುರೆಗೂ ಸಾಯುವ ತನಕ ದಾನದಲ್ಲೇ ಮೇವು ಹೊಂದಿಸುವುದು ಆಗದ ಮಾತು. 2020ರ ಲಾಕ್‌ಡೌನಿನಲ್ಲಿ ರೇಸ್ ನಿಂತಿತು, ಮದುವೆ ಮೆರವಣಿಗೆ ನಿಂತಿತು, ಪಾಠವೂ ನಿಂತಿತು. ಕುದುರೆಯ ಹೊಟ್ಟೆ ಮಾತ್ರ ನಿಲ್ಲಲಿಲ್ಲ. ಪಾಠದ ಫೀಸು ಎಷ್ಟು ಹುಲ್ಲಾಗುತ್ತಿತ್ತು ಎನ್ನುವುದು ಲಾಯ ನಡೆಸುವವರಿಗೆ ಆಗ ಚೆನ್ನಾಗಿ ಅರ್ಥವಾಯಿತು.

ಆದ್ದರಿಂದ ಕೆಲಸ ತಪ್ಪಲ್ಲ, ಕೆಲಸಕ್ಕೆ ಮಿತಿ ಬೇಕು ಎನ್ನುವುದು ನನ್ನ ಪಕ್ಷ. ಭಾರ ಹೊರುವ, ಗಾಡಿ ಎಳೆಯುವ ಪ್ರಾಣಿಗಳಿಗೆ ಅದೇ 1965ರ ನಿಯಮಗಳು ದಿನಕ್ಕೆ ಒಂಬತ್ತು ಗಂಟೆ, ಸತತ ಐದು ಗಂಟೆ ಎಂದು ಗಡಿ ಹಾಕಿವೆ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ಪಾಠದ ಕುದುರೆಯ ವಿಷಯದಲ್ಲಿ ಇದನ್ನು ಅಳತೆಗೋಲು ಮಾಡಿಕೊಂಡರೆ ಅನ್ಯಾಯ. ಅದಕ್ಕೆ ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಪಾಠ, ವಾರಕ್ಕೆ ಒಂದು ಪೂರ್ತಿ ರಜೆ ಸಾಕು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇಕಡಾ 20 ದಾಟಬಾರದೆನ್ನುವುದು ಸಾಮಾನ್ಯವಾಗಿ ಒಪ್ಪಿದ ಲೆಕ್ಕ. 400 ಕಿಲೋ ಕುದುರೆಗೆ 80 ಕಿಲೋ. ಟೀಮ್ ಔಟಿಂಗ್ ಎಂದು ಬರುವ ನಮ್ಮ ಐಟಿ ಮಿತ್ರರಲ್ಲಿ ಕೆಲವರನ್ನು ಈ ಲೆಕ್ಕದ ಪ್ರಕಾರ ನಯವಾಗಿ ಕೆಳಗೇ ನಿಲ್ಲಿಸಬೇಕಾಗುತ್ತದೆ. ತೂಕ ನೋಡುವ ಯಂತ್ರ ಇಟ್ಟಿರುವ ಶಾಲೆ ಕಂಡರೆ ಮುನಿಸಿಕೊಳ್ಳಬೇಡಿ.

"ಪ್ರೀತಿಯಿಂದ ಕೊಟ್ಟರೆ ಏನು ತಿಂದರೂ ಆಗುತ್ತದೆ"

ಆಗುವುದಿಲ್ಲ. ಅಷ್ಟು ದೊಡ್ಡ ಮೈಗೆ ಹೊಟ್ಟೆ ಪುಟ್ಟದು, ದಿನವಿಡೀ ಸ್ವಲ್ಪ ಸ್ವಲ್ಪ ನಾರು ತಿನ್ನುತ್ತಿರಲೆಂದು ಆದದ್ದು. ಬರ್ತ್‌ಡೇ ಕೇಕು, ಚಪಾತಿ, ಮನೆಯಲ್ಲಿ ಉಳಿದ ಅನ್ನ ಇವು ಶೂಲೆಗೆ ಆಹ್ವಾನ. ಹುರುಳಿ ಕುದುರೆಯ ಆಹಾರವೇ, ಸರಿ. ಆದರೆ ಬಡಕಲು ಕುದುರೆಗೆ ಬೇಗ ಮೈ ಬರಲೆಂದು ಒಮ್ಮೆಲೇ ಸೇರುಗಟ್ಟಲೆ ಕಾಳು ಸುರಿದರೆ ಗೊರಸಿನೊಳಗೆ ಉರಿಯೂತವೆದ್ದು ಕಾಲೇ ಹೋಗಬಹುದು. ಉಪವಾಸ ಬಿದ್ದ ಕುದುರೆಗೆ ಮೊದಲು ಹುಲ್ಲು, ಆಮೇಲೆ ವಾರಗಟ್ಟಲೆ ಕಾದು ಉಳಿದದ್ದು.

"ಕುದುರೆ ನಿಂತೇ ನಿದ್ದೆ ಮಾಡುತ್ತದೆ, ಹಾಸು ಯಾಕೆ?"

ತೂಕಡಿಕೆ ನಿಂತೇ, ಗಾಢ ನಿದ್ದೆಗೆ ಮಲಗಲೇಬೇಕು. ಕಲ್ಲು ನೆಲದ ಮೇಲೆ ಗಿಡ್ಡ ಹಗ್ಗ ಕಟ್ಟಿಸಿಕೊಂಡಿದ್ದ ಕುದುರೆಗಳ ಮುಂಗಾಲಿನ ಕೀಲಿನ ಮೇಲೆ ಹಳೆಯ ಗಾಯದ ಗುರುತಿದ್ದರೆ, ನಿದ್ದೆ ತಡೆಯಲಾರದೆ ಮುಗ್ಗರಿಸಿದ್ದೂ ಕಾರಣವಿರಬಹುದು.

"ವಿಲ್ಲಾ ಪಕ್ಕ ಸೈಟಿದೆ, ನಾವೇ ಒಂದನ್ನು ತಂದು ಕಾಪಾಡೋಣ"

ಮನಸ್ಸು ದೊಡ್ಡದು, ಸರಿ. ಒಂಟಿ ಕುದುರೆ ಕೊರಗುತ್ತದೆ, ಅದು ಹಿಂಡಿನ ಪ್ರಾಣಿ. ಅದಕ್ಕಿಂತ ಮುಖ್ಯ, ಜಾತ್ರೆಯಲ್ಲೋ ದಲ್ಲಾಳಿಯ ಬಳಿಯೋ ಕೊಂಡು ರಕ್ತಪರೀಕ್ಷೆಯಿಲ್ಲದೆ ತಂದ ಕುದುರೆ ಗ್ಲ್ಯಾಂಡರ್ಸ್ ತರಬಹುದು. ಮನುಷ್ಯರಿಗೂ ಅಂಟುವ ರೋಗ ಅದು. ಖಚಿತವಾದರೆ 2009ರ ಕಾಯ್ದೆಯಡಿ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸಬೇಕಾಗುತ್ತದೆ, ಸುತ್ತಲಿನ ಕುದುರೆಗಳ ಓಡಾಟಕ್ಕೂ ತಡೆ ಬೀಳುತ್ತದೆ. ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ಹೊಸ ಕುದುರೆಯನ್ನು ಫಲಿತಾಂಶ ಬರುವ ತನಕ ಬೇರೆ ಕಡೆ ಕಟ್ಟದ ಲಾಯಕ್ಕೆ ಕಾಲಿಡದಿರುವುದು ವಾಸಿ.

"ನಿಜವಾದ ಸವಾರಿ ಕಲಿಯಲು ಫಾರಿನ್ ಕುದುರೆಯೇ ಬೇಕು"

ಬೆಂಗಳೂರಿನ ಫೌಆದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದದ್ದು ಜರ್ಮನಿಯ ಸೆಯ್ನಿಯರ್ ಮೆಡಿಕಾಟ್ ಮೇಲೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅದೇ ಕುದುರೆಯ ಮೇಲೆ 23ನೆಯವರಾದರು. ಆ ಎತ್ತರಕ್ಕೆ ಅಂಥ ಕುದುರೆ ಬೇಕು, ಒಪ್ಪಿದೆ. ರಿಕಾಪಿನಲ್ಲಿ ಕಾಲು ನಿಲ್ಲದ ಎಂಟು ವರ್ಷದ ಹುಡುಗಿಗೆ ಬೇಕಾದದ್ದು ಅದಲ್ಲ. ಅವಳ ತಪ್ಪುಗಳನ್ನು ದಿನಕ್ಕೆ ಐವತ್ತು ಸಲ ಸಹಿಸಿ, ಅವಳು ಒಂದು ಕಡೆಗೆ ಜಾರಿದರೆ ತಾನೇ ನಿಧಾನವಾಗುವ ಕುದುರೆ ಬೇಕು. ಹಾಗೆ ಸಹಿಸುವುದು ಬೆಲೆ ಕೊಟ್ಟು ಆಮದು ಮಾಡಿಕೊಳ್ಳುವ ಗುಣವಲ್ಲ.

ಅಮೆರಿಕದ ಸ್ನೋಮ್ಯಾನ್ ಕಥೆ ಇಲ್ಲಿ ಹೇಳಬೇಕಾದ್ದೇ. 1956ರಲ್ಲಿ ಹ್ಯಾರಿ ಡಿಲೇಯರ್ ಎಂಬ ಡಚ್ ಮೂಲದ ಸವಾರಿ ಮೇಷ್ಟ್ರು ಪೆನ್ಸಿಲ್ವೇನಿಯಾದ ಹರಾಜಿಗೆ ತಡವಾಗಿ ಹೋದರು. ಬಿಕರಿಯಾಗದ ಕುದುರೆಗಳನ್ನು ಕಸಾಯಿಖಾನೆಯ ಲಾರಿಗೆ ಹತ್ತಿಸಿ ಆಗಿತ್ತು. ಅದರಿಂದ ಒಂದು ಹಳೆಯ ಉಳುಮೆ ಕುದುರೆಯನ್ನು 80 ಡಾಲರಿಗೆ ಇಳಿಸಿಕೊಂಡರು, ತಾವು ಕಲಿಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠಕ್ಕೆ ಹಾಕಿದರು. ನಡುವೆ ನೆರೆಯವರಿಗೆ ಮಾರಿದರೆ ಬೇಲಿ ಹಾರಿ ವಾಪಸ್ ಬಂತು. 1958ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ದೇಶದ ಅತ್ಯುತ್ತಮ ಜಿಗಿತದ ಕುದುರೆ ಎನಿಸಿತು. ಜನ ನೆನಪಿಡುವುದು ಆ ಕಿರೀಟವನ್ನು. ನನಗೆ ಹೆಚ್ಚು ಮುಖ್ಯವೆನಿಸುವುದು ಅದಕ್ಕೆ ಮೊದಲು ಅದು ಶಾಲೆಯ ಹುಡುಗಿಯರನ್ನು ಬೀಳಿಸದೆ ಹೊತ್ತ ದಿನಗಳು. ಪ್ರತಿ ಲಾಯದಿಂದ ಒಂದು ಸ್ನೋಮ್ಯಾನ್ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

"ಕುದುರೆ ಹತ್ತಿಸಿದರೆ ಆಟಿಸಂ ವಾಸಿಯಾಗುತ್ತದೆ"

ವಾಸಿಯಾಗುವುದಿಲ್ಲ. ಹಾಗೆ ಬರೆದ ಬೋರ್ಡು ಕಂಡರೆ ವಾಪಸ್ ಬನ್ನಿ. ಕುದುರೆಯ ನಡೆ ಸೊಂಟಕ್ಕೆ, ಬೆನ್ನಿಗೆ ಕೊಡುವ ಲಯಬದ್ಧ ಚಲನೆಯಿಂದ ಸಮತೋಲನಕ್ಕೆ ಸಹಾಯವಾಗುತ್ತದೆ, ಕೆಲವು ಮಕ್ಕಳು ಕುದುರೆಯ ಜೊತೆ ಹೊಂದಿಕೊಂಡು ಮಾತಿಗೂ ಇಳಿಯುತ್ತಾರೆ. ಪೋಲಿಯೊದಿಂದ ಮಂಡಿ ಕೆಳಗೆ ಬಲ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಮೇಲೆ ಜಗತ್ತು ಈ ಕಡೆ ಗಮನ ಕೊಟ್ಟಿತು. ಆದರೂ ಅವರನ್ನು ಕುದುರೆಯ ಮೇಲೆ ಹತ್ತಿಸಲು, ಇಳಿಸಲು ಯಾರಾದರೂ ಬೇಕಿತ್ತು. ಚಿಕಿತ್ಸೆಗೆ ಒದಗುವ ಕುದುರೆ ಲಾಯದಲ್ಲೇ ಅತಿ ಗಟ್ಟಿ ನರದ್ದಾಗಿರಬೇಕು. ನಿನ್ನೆ ಮೆರವಣಿಗೆಯಿಂದ ಬಂದದ್ದನ್ನು ಇವತ್ತು ಆ ಕೆಲಸಕ್ಕೆ ಹಚ್ಚುವುದು ಕುದುರೆ, ಮಗು ಇಬ್ಬರಿಗೂ ಮೋಸ.

"ಪಾಠದ ಕೆಲಸ ಸಿಕ್ಕಿತಲ್ಲ, ಇನ್ನು ಚಿಂತೆಯಿಲ್ಲ"

ಪಾಠದ ಕುದುರೆಗೂ ವಯಸ್ಸಾಗುತ್ತದೆ. ಹದಿನೆಂಟು ಇಪ್ಪತ್ತಕ್ಕೆ ಕೀಲು ಹಿಡಿಯುತ್ತದೆ, ದವಡೆ ಹಲ್ಲು ಸವೆದು ಹುಲ್ಲು ಉಂಡೆಯಾಗಿ ಬಾಯಿಂದ ಬೀಳುತ್ತದೆ, ಬೂಸಾ ನೆನೆಸಿ ಗಂಜಿಯಂತೆ ಕೊಡಬೇಕಾಗುತ್ತದೆ. ದುಡಿಮೆ ಸೊನ್ನೆ, ಖರ್ಚು ಮೊದಲಿಗಿಂತ ಜಾಸ್ತಿ, ಇನ್ನೂ ಐದಾರು ವರ್ಷ ಬಾಕಿ. ಹಾಳು ಶಾಲೆಗಳು ಈ ಹೊತ್ತಿನಲ್ಲಿ ಕುದುರೆಯನ್ನು ಸದ್ದಿಲ್ಲದೆ ದಲ್ಲಾಳಿಗೆ ದಾಟಿಸುತ್ತವೆ. ಮುಂದಿನ ಮದುವೆ ಸೀಸನ್ನಿನಲ್ಲಿ ಅದು ಮತ್ತೆ ಜರಿ ಹೊದಿಕೆಯಡಿ ನಿಂತಿರುತ್ತದೆ. ಬ್ರಿಟನ್ನಿನಲ್ಲಿ ರೇಸ್ ಬಿಟ್ಟ ಕುದುರೆಗಳ ಮುಂದಿನ ಬದುಕಿಗೆಂದೇ ರೇಸ್ ಉದ್ಯಮ 2000ದಲ್ಲಿ ಒಂದು ಸಂಸ್ಥೆ ಕಟ್ಟಿತು. ನಮ್ಮಲ್ಲಿ ಈ ಭಾರ ಬಹುಮಟ್ಟಿಗೆ ಬಿದ್ದಿರುವುದು ಒಬ್ಬೊಬ್ಬ ಮಾಲೀಕರ, ಒಂದೊಂದು ಶಾಲೆಯ ಮನಸ್ಸಿನ ಮೇಲೆ.

ಹಾಗಾಗಿ ಮಗುವನ್ನು ಸೇರಿಸುವ ಮೊದಲು ಕುದುರೆಗಳ ಹೆಸರು, ಬಣ್ಣ ಕೇಳುವುದಕ್ಕಿಂತ ಐದು ವರ್ಷದ ಹಿಂದೆ ಇಲ್ಲಿ ಪಾಠ ಹೇಳುತ್ತಿದ್ದ ಕುದುರೆಗಳು ಈಗ ಎಲ್ಲಿವೆ ಎಂದು ಕೇಳಿ. "ಊರಿಗೆ ಕಳಿಸಿದ್ವಿ" ಎಂದರೆ ಯಾವ ಊರು ಎಂದು ಕೇಳಿ. ಹಿಂದಿನ ಷೆಡ್ಡಿಗೆ ಕರೆದುಕೊಂಡು ಹೋಗಿ ಮುದಿ ಕುದುರೆಯನ್ನು ತೋರಿಸಿದರೆ, ಅದರ ಮೇವಿನ ದುಡ್ಡೂ ನಿಮ್ಮ ಫೀಸಿನಲ್ಲೇ ಸೇರಿದೆ ಎಂದುಕೊಳ್ಳಿ. ಪಕ್ಕದ ಶಾಲೆಗಿಂತ ಇಲ್ಲಿ ತಿಂಗಳಿಗೆ ಸ್ವಲ್ಪ ಜಾಸ್ತಿ ಕೇಳಿದ್ದಕ್ಕೆ ಅದೂ ಒಂದು ಕಾರಣ.